ಲಾಕ್ ಅಳಿಸೋ ಮುಂಚೆ ಒಂದು ಫೋನ್ ಮಾಡಿ

ಪಿಓ (ಖರೀದಿ ಆರ್ಡರ್) ತೆರೆದರೆ 'ಇನ್ನೊಬ್ಬರು ಇದರಲ್ಲಿ ಕೆಲಸ ಮಾಡುತ್ತಿದ್ದಾರೆ' ಅಂತ ಕಂಪನಿ ಲೆಕ್ಕಪತ್ರದ ಸಾಫ್ಟ್‌ವೇರ್ ಸ್ಯಾಪ್ ಹೇಳುತ್ತದೆ, ಸ್ಯಾಪ್ ಸರ್ವರ್ ನೋಡಿಕೊಳ್ಳೋ ಬೇಸಿಸ್‌ನವರು ಫೋನ್ ಎತ್ತಲ್ಲ, ಲಾಕ್‌ಗಳ ಪಟ್ಟಿ ಇರೋ ಎಸ್‌ಎಂ12 ಸ್ಕ್ರೀನಿಗೆ ಹೋಗಿ ನಾನೇ ಆ ಲಾಕ್ ತೆಗೆಯಬಹುದಾ. ಇಷ್ಟೇ ಅಲ್ವಾ ನಿಮ್ಮ ಪ್ರಶ್ನೆ? ನಾನು ತೆಗೆದಿದ್ದೆ. ಕೇಳಿ.

ಕೋಲಾರದ ಹತ್ತಿರ, ನರಸಾಪುರದ ಒಂದು ಬಿಡಿಭಾಗಗಳ ಕಾರ್ಖಾನೆ. ಐಟಿ ಅಂದರೆ ನಾನೊಬ್ಬನೇ. ಮಾರ್ಚ್ ಕೊನೆ. ಪರ್ಚೇಸ್ ಮೇಡಂ ಓಡಿ ಬಂದರು. ಒಂದು ಪಿಓದಲ್ಲಿ 500 ಇದ್ದದ್ದನ್ನು 800 ಮಾಡಬೇಕು, ಲಾಕ್ ಬಿಡುತ್ತಿಲ್ಲ. ಮೆಸೇಜಿನಲ್ಲಿ ಅವರ ಪಕ್ಕದ ಸೀಟಿನವರದೇ ಹೆಸರು. ಕುರ್ಚಿ ಖಾಲಿ. ಐದೂವರೆ ಆಗಿತ್ತು, ಬಸ್ ಹತ್ತಿ ಹೋಗಿರಬೇಕು ಅಂದುಕೊಂಡೆ.

ಕುರ್ಚಿಗೆ ಬ್ಯಾಗ್ ನೇತಾಡುತ್ತಿತ್ತು. ನೋಡಿದ್ದೆ ಕೂಡ! ಊಟದ ಡಬ್ಬಿ ಬಿಟ್ಟು ಯಾರಾದರೂ ಮನೆಗೆ ಹೋಗ್ತಾರಾ? ಎಸ್‌ಎಂ12ರಲ್ಲಿ ಲಾಕ್ ಬಿದ್ದ ಸಮಯವೂ ಕಾಣುತ್ತಿತ್ತು, ಇಪ್ಪತ್ತು ನಿಮಿಷ ಹಿಂದಿನದು ಅಷ್ಟೇ. ಯಾರು ಲಾಗಿನ್ ಆಗಿದ್ದಾರೆ ಅಂತ ತೋರಿಸೋ ಎಸ್‌ಎಂ04 ತೆರೆದಿದ್ದರೆ ಅವರ ಸೆಷನ್ ಇನ್ನೂ ಜೀವಂತ ಅಂತ ಗೊತ್ತಾಗುತ್ತಿತ್ತು. ಅರ್ಧ ನಿಮಿಷದ ಕೆಲಸ. ಮಾಡಲಿಲ್ಲ. ಡಿಲೀಟ್ ಒತ್ತಿದೆ, ಮೇಡಂ 800 ಹಾಕಿ ಸೇವ್ ಮಾಡಿದರು, ಥ್ಯಾಂಕ್ಸ್ ಅಂದರು.

ಆ ಪಕ್ಕದ ಸೀಟಿನ ಸಾಹೇಬರು ಟೀ ಕುಡಿಯೋಕೆ ಹೋಗಿದ್ದರು. ವಾಪಸ್ ಬಂದು, ಅದೇ ಐಟಂನಲ್ಲಿ ಅರ್ಧ ತಿದ್ದಿದ್ದ ರೇಟು ಮುಗಿಸಿ ಸೇವ್ ಕೊಟ್ಟರು. ಅವರ ಸ್ಕ್ರೀನಿನಲ್ಲಿ ಇನ್ನೂ ಹಳೇ 500 ಇತ್ತು. ರೇಟಿನ ಜೊತೆ ಅದೂ ಹೋಗಿ ಕೂತಿತು. ಯಾವ ಎಚ್ಚರಿಕೆಯೂ ಬರಲಿಲ್ಲ. ಕೊಡಬೇಕಾದ ಲಾಕನ್ನು ನಾನೇ ಕಿತ್ತು ಹಾಕಿದ್ದೆನಲ್ಲ.

ಮೂರನೇ ದಿನ 800 ಪೀಸ್ ಹೊತ್ತ ಲಾರಿ ಗೇಟಿಗೆ ಬಂತು. ಸ್ಟೋರಿನಲ್ಲಿ ಎಂಟ್ರಿ ಹಾಕಿದರೆ ಆರ್ಡರಿಗಿಂತ 300 ಜಾಸ್ತಿ ಅಂತ ಎರರ್. ಡ್ರೈವರಣ್ಣ ಸಂಜೆವರೆಗೂ ಬಿಸಿಲಲ್ಲಿ ಕಾದ. ಅವತ್ತು ಆ ಗೇಟಿನ ಕಡೆ ನಾನು ಹೋಗಲೇ ಇಲ್ಲ.

ಸ್ಯಾಪ್‌ನ ಲಾಕು ಬಸ್ಸಿನ ಸೀಟಿಗೆ ಹಾಕೋ ಟವೆಲ್ ಥರ. ಡೇಟಾಬೇಸಿಗೆ ಬೀಗ ಹಾಕಿರಲ್ಲ. ಲಾಕ್‌ಗಳ ಲೆಕ್ಕ ಇಡೋ ಎನ್‌ಕ್ಯೂ ಸರ್ವರಿನ ಪಟ್ಟಿಯಲ್ಲಿ ಒಂದು ಸಾಲು ಇರುತ್ತೆ, ಪ್ರೋಗ್ರಾಂಗಳು ಅದಕ್ಕೆ ಮರ್ಯಾದೆ ಕೊಡುತ್ತವೆ, ಅಷ್ಟೇ. ಟವೆಲ್ ಎಸೆದರೆ ಟೀಗೆ ಇಳಿದವನು ವಾಪಸ್ ಬರದೇ ಇರ್ತಾನಾ?

ಹಾಗಾಗಿ ಎಸ್‌ಎಂ12ಕ್ಕೆ ಹೋಗಬಹುದಾ ಅನ್ನೋ ಪ್ರಶ್ನೆಯೇ ತಪ್ಪು ಅಂತೀನಿ. ಮೆಸೇಜಿನಲ್ಲಿ ಹೆಸರಿದೆ, ಆ ಮನುಷ್ಯನಿಗೆ ಫೋನ್ ಮಾಡಿ. ಬೇಸಿಸ್‌ನವರಿಗಲ್ಲ. ಆ ಮನುಷ್ಯ ಸಿಗದಿದ್ದರೆ ಎಎಲ್08ರಲ್ಲಿ ಎಲ್ಲ ಸರ್ವರುಗಳ ಲಾಗಿನ್ ನೋಡಿ. ಎಸ್‌ಎಂ13ರಲ್ಲಿ ಅಪ್‌ಡೇಟ್ (ಸೇವ್ ಕೊಟ್ಟದ್ದನ್ನು ಡೇಟಾಬೇಸಿಗೆ ಬರೆಯೋ ಕೆಲಸ) ಏನಾದರೂ ಸಿಕ್ಕಿಕೊಂಡಿದೆಯಾ ನೋಡಿ. ಎಸ್‌ಎಂ12ರಲ್ಲಿ ಆ ಸಾಲು ನೀಲಿ ಬಣ್ಣದಲ್ಲಿದ್ದರೆ ಲಾಕು ಅಪ್‌ಡೇಟಿನ ಕೈಯಲ್ಲಿದೆ ಅಂತ ಅರ್ಥ, ಅದನ್ನಂತೂ ಮುಟ್ಟಲೇಬೇಡಿ. ನನ್ನನ್ನು ಕೇಳಿದರೆ ಯೂಸರ್‌ಗಳಿಗೆ ಎಸ್‌ಎಂ12 ಅಧಿಕಾರವನ್ನೇ ಕೊಡಬಾರದು.

ಮೆಸೇಜಿನಲ್ಲಿ ನಿಮ್ಮದೇ ಹೆಸರಿದ್ದರೆ ಮಾತ್ರ ಬೇರೆ ಕಥೆ. ಕೆಳಗೆ ಇನ್ನೊಂದು ವಿಂಡೋ ತೆರೆದಿರಬಹುದು, ಮೊದಲು ಅದನ್ನು ಹುಡುಕಿ. ಇಲ್ಲದಿದ್ದರೆ ನೆಟ್ ಹೋದಾಗ ಹಳೇ ಸೆಷನ್ ಸರ್ವರಿನಲ್ಲೇ ಉಳಿದಿರಬಹುದು. ಎಸ್‌ಎಂ04ರಲ್ಲಿ ಆ ಸೆಷನ್ ಮುಗಿಸಿ, ಲಾಕು ತಾನಾಗೇ ಬಿಡುತ್ತೆ.