ಕೋಳಿ ಗಸಿಗೆ ಮೆತ್ತನೆಯ ಪುಂಡಿ: ಅಕ್ಕಿ, ನೀರು ಮತ್ತು ಹದ

ಪ್ರಶ್ನೆ: ಮಂಗಳೂರಿನ ನೆಂಟರ ಮನೆಯಲ್ಲಿ ತಿಂದ ಪುಂಡಿ (ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ) ಮತ್ತು ಕೋರಿ ಗಸಿಯನ್ನು (ಕಾಯಿ ಅರೆದು ಮಾಡುವ ಕೋಳಿ ಸಾರು) ಮನೆಯಲ್ಲಿ ಮಾಡಿದೆ. ಪುಂಡಿ ಗಟ್ಟಿಯಾಗಿ ಗಂಟಲಿಗಿಳಿಯಲಿಲ್ಲ. ಮುಂದಿನ ಸಲ ಅರ್ಧ ಗಂಟೆ ಹೆಚ್ಚು ಬೇಯಿಸಿದರೂ ಅಷ್ಟೇ. ಬಳಸಿದ್ದು ಸೋನಾ ಮಸೂರಿ ಅಕ್ಕಿ. (ಶಿವಮೊಗ್ಗ)

ಉತ್ತರ: ಇನ್ನೂ ಒಂದು ಗಂಟೆ ಹಬೆಯಲ್ಲಿಟ್ಟಿದ್ದರೂ ಆ ಪುಂಡಿ ಮೆತ್ತಗಾಗುತ್ತಿರಲಿಲ್ಲ. ಹಬೆ ಉಂಡೆಗೆ ಶಾಖ ಕೊಡುತ್ತದೆ, ಒಳಗಿನವರೆಗೆ ನೀರು ಕೊಡುವುದಿಲ್ಲ. ಅಕ್ಕಿಯ ಪಿಷ್ಟ ಉಬ್ಬಿ ಮೆದುವಾಗಲು ಬೇಕಾದ ನೀರೆಲ್ಲ ಉಂಡೆ ಕಟ್ಟುವ ಮೊದಲೇ, ಬಾಣಲೆಯಲ್ಲೇ, ಹಿಟ್ಟಿನೊಳಗೆ ಸೇರಿರಬೇಕು. ಪುಂಡಿ ಕೆಡುವುದು ಹೆಚ್ಚಾಗಿ ಅಲ್ಲೇ.

ಮೊದಲು ಅಕ್ಕಿ. ಪುಂಡಿಗೆ ಒಗ್ಗುವುದು ಕುಚ್ಚಲಕ್ಕಿ, ಸಿಗದಿದ್ದರೆ ಇಡ್ಲಿ ಅಕ್ಕಿ. ಸೋನಾ ಮಸೂರಿಯಂಥ ಬೆಳ್ತಿಗೆ ಅಕ್ಕಿಯಲ್ಲೂ ಮಾಡಬಹುದು, ಆದರೆ ಆರಿದಂತೆ ಬೇಗ ಬಿರುಸಾಗುತ್ತದೆ. ಅದನ್ನೇ ಬಳಸುವುದಾದರೆ 2 ಕಪ್ ಅಕ್ಕಿಗೆ ಅರ್ಧ ಕಪ್ ಅನ್ನವನ್ನೋ ನೆನೆಸಿದ ಅವಲಕ್ಕಿಯನ್ನೋ ಸೇರಿಸಿ ಅರೆಯಿರಿ.

2 ಕಪ್ ಕೆಂಪು ಕುಚ್ಚಲಕ್ಕಿಯನ್ನು ರಾತ್ರಿಯಿಡೀ ನೆನೆಸಿ (ಇಡ್ಲಿ ಅಕ್ಕಿಗೆ 4–5 ಗಂಟೆ ಸಾಕು). ನೀರು ಬಸಿದು, 1 ಕಪ್ ತೆಂಗಿನ ತುರಿ, ಒಂದೂವರೆ ಚಿಕ್ಕ ಚಮಚ ಉಪ್ಪು ಸೇರಿಸಿ ಸಣ್ಣ ರವೆಯ ಹದಕ್ಕೆ ತರಿತರಿಯಾಗಿ ಅರೆಯಿರಿ. ನುಣ್ಣಗೆ ಅರೆದರೆ ಪುಂಡಿ ಅಂಟಂಟಾಗಿ, ಜಗಿದರೆ ಎಳೆದಾಡುತ್ತದೆ. ಅರೆದದ್ದಕ್ಕೆ ನೀರು ಬೆರೆಸಿ ದೋಸೆ ಹಿಟ್ಟಿಗಿಂತ ತುಸು ತೆಳುವಾಗಿಸಿ. ಹೆಚ್ಚಿನವರು ಇಲ್ಲೇ ಹೆದರಿ ಕೈ ಬಿಗಿ ಹಿಡಿಯುತ್ತಾರೆ. ಹೆಚ್ಚಾದ ನೀರನ್ನು ಒಲೆಯ ಮೇಲೆ ಕಾಯಿಸಿ ಇಂಗಿಸಬಹುದು, ಕಡಿಮೆಯಾದದ್ದನ್ನು ಆಮೇಲೆ ಸೇರಿಸುವುದೇ ಕಷ್ಟ.

ದಪ್ಪ ತಳದ ಬಾಣಲೆಯಲ್ಲಿ 1 ದೊಡ್ಡ ಚಮಚ ತೆಂಗಿನೆಣ್ಣೆ, ಸಾಸಿವೆ, ಕರಿಬೇವು ಒಗ್ಗರಿಸಿ ಹಿಟ್ಟು ಹುಯ್ಯಿರಿ. ಸಣ್ಣ ಉರಿಯಲ್ಲಿ ಬಿಡದೆ ಮಗುಚಿ. ಮೊದಲು ತಳದಲ್ಲಿ ಗಂಟು ಕಾಣಿಸುತ್ತದೆ, ಗಾಬರಿ ಬೇಡ. 8–10 ನಿಮಿಷದಲ್ಲಿ ಎಲ್ಲವೂ ಒಂದೇ ಮುದ್ದೆಯಾಗಿ ಬಾಣಲೆಯ ಅಂಚು ಬಿಡುತ್ತದೆ. ಒದ್ದೆ ಬೆರಳಿಂದ ಚಿಟಿಕೆ ತೆಗೆದು ಉಂಡೆ ಮಾಡಿ ನೋಡಿ. ಬೆರಳಿಗೆ ಅಂಟಿದರೆ ಇನ್ನೆರಡು ನಿಮಿಷ ಮಗುಚಬೇಕು. ಉಂಡೆಯ ಮೈ ಬಿರುಕು ಬಿಟ್ಟರೆ 2–3 ದೊಡ್ಡ ಚಮಚ ಬಿಸಿನೀರು ಚಿಮುಕಿಸಿ, ಮುಚ್ಚಿ 5 ನಿಮಿಷ ಬಿಟ್ಟು ಮತ್ತೆ ಮಗುಚಬೇಕು. ನಿಮ್ಮ ಹಿಟ್ಟು ಬಿರುಕು ಬಿಡುವ ಹದದಲ್ಲೇ ಇಳಿದಿರಬೇಕು.

ಒಲೆಯಿಂದಿಳಿಸಿ 10 ನಿಮಿಷ ಮುಚ್ಚಿಡಿ. ಬಿಸಿಯಿರುವಾಗಲೇ ಕೈ ಒದ್ದೆ ಮಾಡಿಕೊಂಡು ನಿಂಬೆಹಣ್ಣಿಗಿಂತ ತುಸು ದೊಡ್ಡ ಉಂಡೆ ಕಟ್ಟಿ, ಹೆಬ್ಬೆರಳಿಂದ ನಡುವೆ ಒತ್ತಿ ಕುಳಿ ಮಾಡಿ. ಕುಳಿ ಬರೀ ಚಂದಕ್ಕಲ್ಲ: ನಡುಭಾಗ ತೆಳುವಾದರೆ ಶಾಖ ಬೇಗ ಮುಟ್ಟುತ್ತದೆ, ತಿನ್ನುವಾಗ ಗಸಿ ಅಲ್ಲಿ ನಿಲ್ಲುತ್ತದೆ. ಇಡ್ಲಿ ಪಾತ್ರೆಯ ನೀರು ಕುದಿ ಬಂದ ಮೇಲೆಯೇ ಉಂಡೆಗಳನ್ನಿಟ್ಟು 20 ನಿಮಿಷ ಬೇಯಿಸಿ. ಮುಚ್ಚಳಕ್ಕೆ ತೆಳು ಬಟ್ಟೆ ಕಟ್ಟಿದರೆ ನೀರಿನ ಹನಿ ಬಿದ್ದು ಪುಂಡಿಯ ಮೈ ಲೊಳೆಯಾಗುವುದಿಲ್ಲ. ಬೆಂದ ಕೂಡಲೇ ಎತ್ತಿದರೆ ಒಡೆಯುತ್ತದೆ, 5 ನಿಮಿಷ ಬಿಡಿ.

ಪ್ರಶ್ನೆ: ವಿದೇಶದಲ್ಲಿದ್ದೇವೆ, ಗ್ರೈಂಡರ್ ಇಲ್ಲ. ಅಕ್ಕಿಹಿಟ್ಟಿನಿಂದ ಪುಂಡಿ ಮಾಡಬಹುದೇ? (ಮ್ಯೂನಿಕ್)

ಉತ್ತರ: ಅಕ್ಕಿಹಿಟ್ಟು ಬೇಡ, ಅದರಲ್ಲಿ ತರಿಯೇ ಇಲ್ಲ. ಭಾರತೀಯ ಅಂಗಡಿಗಳಲ್ಲಿ ಸಿಗುವ ಇಡ್ಲಿ ರವೆ ತನ್ನಿ. ಅದು ಕುಚ್ಚಲಕ್ಕಿಯದೇ ತರಿ. ಉಪ್ಪಿಟ್ಟಿನ ಗೋಧಿ ರವೆಯನ್ನು ಇದಕ್ಕೆ ಬದಲಿಸಬೇಡಿ. 2 ಕಪ್ ರವೆಗೆ 4 ಕಪ್ ನೀರು. ಒಗ್ಗರಣೆಗೆ ನೀರು, ಉಪ್ಪು, ಮುಕ್ಕಾಲು ಕಪ್ ತೆಂಗಿನ ತುರಿ ಹಾಕಿ, ಕುದಿಯುವಾಗ ರವೆಯನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತ ಮಗುಚಿ. ನೀರು ಇಂಗಿದ ಮೇಲೆ ಮುಚ್ಚಿ 10 ನಿಮಿಷ ಬಿಟ್ಟು ಉಂಡೆ ಕಟ್ಟಿ, ಮೇಲೆ ಹೇಳಿದಂತೆ ಹಬೆಯಲ್ಲಿ ಬೇಯಿಸಿ. ಕೊಡಗಿನ ಕಡಂಬುಟ್ಟೂ ಈ ದಾರಿಯದೇ. ಕುದಿಯುವ ನೀರಿಗೆ ಅಕ್ಕಿತರಿ ಹಾಕಿ ಬೇಯಿಸಿ, ಒಗ್ಗರಣೆಯಿಲ್ಲದೆ, ಕುಳಿ ಒತ್ತದೆ ದುಂಡಗೆ ಕಟ್ಟುತ್ತಾರೆ. ಪಂದಿ ಕರಿಯ ಜೋಡಿಯೆಂದೇ ಹೆಸರಾದರೂ ಕೋಳಿ ಸಾರಿಗೂ ಚೆನ್ನಾಗಿ ಹೊಂದುತ್ತದೆ.

ಪ್ರಶ್ನೆ: ನನ್ನ ಗಸಿ ನೀರುನೀರು. ಜೊತೆಗೆ ಕಾಯಿಹಾಲು ಒಡೆದು ಎಣ್ಣೆ ತೇಲುತ್ತದೆ. (ಹುಬ್ಬಳ್ಳಿ)

ಉತ್ತರ: ಎರಡಕ್ಕೂ ಕಾರಣ ಬೇರೆ ಬೇರೆ.

ಬ್ರಾಯ್ಲರ್ ಕೋಳಿ ಬೇಯುವಾಗ ತಾನೇ ನೀರು ಬಿಡುತ್ತದೆ. ನಾಟಿ ಕೋಳಿಯ ಅಳತೆಯಲ್ಲಿ ನೀರು ಹುಯ್ದರೆ ಗಸಿ ತೆಳ್ಳಗಾಗಲೇಬೇಕು. 1 ಕೆ.ಜಿ. ಬ್ರಾಯ್ಲರಿಗೆ 1 ಕಪ್ ತೆಳು ಕಾಯಿಹಾಲು, 20–25 ನಿಮಿಷ ಸಾಕು. ನಾಟಿ ಕೋಳಿಗೆ ಉಪ್ಪು, ಅರಿಸಿನ, 2 ಕಪ್ ನೀರು ಹಾಕಿ ಕುಕ್ಕರಿನಲ್ಲಿ 4–5 ಸೀಟಿ ಕೂಗಿಸಿ, ನೀರಿನ ಸಮೇತ ಮಸಾಲೆಗೆ ಸೇರಿಸಿ. ಎಲುಬಿನ ರಸ ಇಳಿದ ಆ ನೀರನ್ನು ಚೆಲ್ಲುವುದು ಶುದ್ಧ ದಂಡ.

ಮಸಾಲೆ ತರಿಯಾಗಿದ್ದರೂ ಗಸಿ ಒಂದಾಗದೆ ನೀರು ಬೇರೆ, ಚರಟ ಬೇರೆ ನಿಲ್ಲುತ್ತದೆ. 1 ಕೆ.ಜಿ. ಕೋಳಿಗೆ ಬ್ಯಾಡಗಿ ಮೆಣಸಿನಕಾಯಿ 15, ಖಾರಕ್ಕೆ ಗುಂಟೂರು 3, ಕೊತ್ತಂಬರಿ 2 ದೊಡ್ಡ ಚಮಚ, ಜೀರಿಗೆ 1 ಚಿಕ್ಕ ಚಮಚ, ಕಾಳುಮೆಣಸು ಅರ್ಧ, ಮೆಂತೆ ಕಾಲು. ಒಂದೊಂದನ್ನೂ ಬೇರೆಯಾಗಿ, ಹನಿ ತೆಂಗಿನೆಣ್ಣೆಯಲ್ಲಿ, ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತೆ ಕಪ್ಪಾದರೆ ಇಡೀ ಗಸಿ ಕಹಿ, ಅದಕ್ಕೆ ಮದ್ದಿಲ್ಲ. ಒಂದು ತೆಂಗಿನಕಾಯಿಯ ಅರ್ಧ ತುರಿಯನ್ನು ಒಂದು ಈರುಳ್ಳಿ, 8 ಎಸಳು ಬೆಳ್ಳುಳ್ಳಿಯೊಂದಿಗೆ ಬಾಡಿಸಿ. ಎಲ್ಲವನ್ನೂ ಅರ್ಧ ಚಿಕ್ಕ ಚಮಚ ಅರಿಸಿನ, ಗೋಲಿ ಗಾತ್ರದ ಹುಣಸೆ ಸೇರಿಸಿ ಗಂಧದಂತೆ ನುಣ್ಣಗೆ ಅರೆಯಿರಿ. ಪುಂಡಿಗೆ ತರಿ, ಗಸಿಗೆ ನುಣುಪು. ಹೆಚ್ಚಿದ ಈರುಳ್ಳಿ ಕೆಂಪಾದ ಮೇಲೆ ಮಸಾಲೆ ಹಾಕಿ ಹಸಿ ವಾಸನೆ ಹೋಗುವವರೆಗೆ ಹುರಿದು ಕೋಳಿ ಸೇರಿಸಿ.

ಉಳಿದರ್ಧ ತುರಿಯಿಂದ ಹಾಲು ತೆಗೆಯಿರಿ: ಮೊದಲ ಹಿಂಡಿಕೆಯ ಮುಕ್ಕಾಲು ಕಪ್ ದಪ್ಪ ಹಾಲು ಬೇರೆ, ಆಮೇಲಿನ ತೆಳು ಹಾಲು ಬೇರೆ. ಕಾಯಿಹಾಲಿನಲ್ಲಿ ಕೊಬ್ಬಿನ ಕಣಗಳನ್ನು ನೀರಿನಲ್ಲಿ ಹಿಡಿದಿಡುವುದು ಅದರ ಪ್ರೋಟೀನ್. ಕೊತಕೊತ ಕುದಿಸಿದರೆ ಪ್ರೋಟೀನ್ ಗರಣೆಗಟ್ಟಿ ಎಣ್ಣೆ ಬೇರ್ಪಡುತ್ತದೆ. ಹುಣಸೆಯ ಹುಳಿ ಇದನ್ನು ಇನ್ನಷ್ಟು ಬೇಗ ಮಾಡುತ್ತದೆ. ಕೋಳಿ ಬೆಂದ ಮೇಲೆ ಉರಿ ತಗ್ಗಿಸಿ ದಪ್ಪ ಹಾಲು ಹಾಕಿ, ಅಂಚಿನಲ್ಲಿ ಗುಳ್ಳೆ ಏಳತೊಡಗಿದಾಗ ಇಳಿಸಿ. ಒಡೆದ ಗಸಿ ನೋಡಲು ಚಂದವಿಲ್ಲ ಅಷ್ಟೇ, ರುಚಿಗೇನೂ ಮೋಸವಿಲ್ಲ.

ಪ್ರಶ್ನೆ: ಕರಾವಳಿಯ ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ಮಾಡುವಂತೆ ಸಣ್ಣ ಪಿಂಡಿಗಳನ್ನು (ಅಕ್ಕಿ ಉಂಡೆಗಳನ್ನು) ಸಾರಿನಲ್ಲೇ ಹಾಕಿದರೆ ಕರಗಿ ಗಂಜಿಯಾಗುತ್ತದೆ. (ಉಡುಪಿ)

ಉತ್ತರ: ಹಸಿಯಾಗಿ ಹಾಕಿದ್ದೀರಿ ಅನ್ನಿಸುತ್ತದೆ. ಗೋಲಿ ಗಾತ್ರದ ಪಿಂಡಿಗಳನ್ನು ಮೊದಲು ಹಬೆಯಲ್ಲಿ 10–12 ನಿಮಿಷ ಬೇಯಿಸಿ, ತಣಿಯಲು ಬಿಟ್ಟರೆ ಮೈ ಬಿಗಿಯುತ್ತದೆ. ಆಮೇಲೆ ಸಾರಿಗಿಳಿಸಿ ಸಣ್ಣ ಉರಿಯಲ್ಲಿ 8–10 ನಿಮಿಷ. ಸೌಟು ಹಾಕಿ ತಿರುವದೆ ಪಾತ್ರೆಯನ್ನೇ ಕುಲುಕಿ. ಪಿಂಡಿ ಸಾರನ್ನು ಚೆನ್ನಾಗಿ ಹೀರುತ್ತದೆ, ಹಾಗಾಗಿ ಗಸಿಗಿಂತ ಒಂದೆರಡು ಕಪ್ ತೆಳ್ಳಗಿರಲಿ, ಉಪ್ಪು ಖಾರ ಒಂದು ಕೈ ಮುಂದಿರಲಿ.

ಪ್ರಶ್ನೆ: ಅಮೆರಿಕದ ಚಿಕನ್ ಆ್ಯಂಡ್ ಡಂಪ್ಲಿಂಗ್ಸ್ ಮಾಡಿದೆ. ಡಂಪ್ಲಿಂಗಿನ ಮೇಲ್ಭಾಗ ಹಸಿಹಿಟ್ಟು, ತಳ ಲೊಳೆ. ಮೈದಾ ಬದಲು ಅಕ್ಕಿಹಿಟ್ಟು ಆಗುತ್ತದೆಯೇ? (ಡಲ್ಲಾಸ್)

ಉತ್ತರ: ಅಲ್ಲಿನ ದಕ್ಷಿಣದ ರಾಜ್ಯಗಳ ಈ ಅಡುಗೆಯಲ್ಲಿ ಎರಡು ಬಗೆ. ಹಿಟ್ಟು ಲಟ್ಟಿಸಿ ಪಟ್ಟಿ ಕತ್ತರಿಸಿ ಹಾಕುವುದು ಒಂದು, ಬೇಕಿಂಗ್ ಪೌಡರ್ ಬೆರೆಸಿದ ಮೆದು ಹಿಟ್ಟನ್ನು ಚಮಚದಿಂದ ಬಿಡುವುದು ಇನ್ನೊಂದು. ನೀವು ಮಾಡಿದ್ದು ಎರಡನೆಯದು. ಅದಕ್ಕೆ ಮೈದಾ 2 ಕಪ್ (250 ಗ್ರಾಂ), ಬೇಕಿಂಗ್ ಪೌಡರ್ 1 ದೊಡ್ಡ ಚಮಚ, ಉಪ್ಪು 1 ಚಿಕ್ಕ ಚಮಚ, ಕರಗಿಸಿದ ಬೆಣ್ಣೆ 60 ಗ್ರಾಂ, ಹಾಲು 180 ಮಿ.ಲೀ. ಒಣ ಹಿಟ್ಟು ಕಾಣದಂತಾದ ಕೂಡಲೇ ಕೈ ನಿಲ್ಲಿಸಿ, ಗಂಟಿದ್ದರೆ ಇರಲಿ. ಚಪಾತಿ ಹಿಟ್ಟಿನಂತೆ ನಾದಿದರೆ ಗೋಧಿಯ ಅಂಟು ಬಿಗಿದು ಉಬ್ಬುವುದಿಲ್ಲ.

ಸಾರು ಸಣ್ಣಗೆ ಕುದಿಯುತ್ತಿರುವಾಗ ಒಂದೊಂದೇ ದೊಡ್ಡ ಚಮಚದಷ್ಟು ಬಿಟ್ಟು, ಬಿಗಿಯಾಗಿ ಮುಚ್ಚಿ 15 ನಿಮಿಷ ಮುಚ್ಚಳ ತೆಗೆಯದಿರಿ. ಡಂಪ್ಲಿಂಗ್ ತೇಲುತ್ತದೆ, ಅದರ ಮೇಲ್ಭಾಗ ಬೇಯುವುದು ಒಳಗೆ ಸೇರಿದ ಹಬೆಯಿಂದ ಮಾತ್ರ. ಇಣುಕಿ ನೋಡಿದಷ್ಟೂ ಮೇಲ್ಭಾಗ ಹಸಿ ಉಳಿಯುತ್ತದೆ. ತಳ ಲೊಳೆಯಾದದ್ದು ಸಾರು ಕುದಿ ಹಿಡಿಯುವ ಮೊದಲೇ ಹಿಟ್ಟು ಬಿಟ್ಟದ್ದರಿಂದ ಇರಬೇಕು. ಬೇಕಿಂಗ್ ಪೌಡರ್ ಹಳೆಯದೇ ಎಂದು ತಿಳಿಯಲು ಒಂದು ಚಮಚವನ್ನು ಬಿಸಿನೀರಿಗೆ ಹಾಕಿ. ಜೋರಾಗಿ ನೊರೆಯೇಳದಿದ್ದರೆ ಎಸೆಯಿರಿ. ಬರೀ ಅಕ್ಕಿಹಿಟ್ಟಿನಲ್ಲಿ ಅನಿಲವನ್ನು ಹಿಡಿದಿಡುವ ಅಂಟಿಲ್ಲ, ಸಾರಿನಲ್ಲಿ ಚದುರಿಹೋಗುತ್ತದೆ. ಅಕ್ಕಿಯದೇ ಬೇಕೆಂದರೆ ಪುಂಡಿಯನ್ನೇ ಮಾಡಿ.

ಪ್ರಶ್ನೆ: ಉಳಿದ ಪುಂಡಿ ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗುತ್ತದಲ್ಲ? (ಮೈಸೂರು)

ಉತ್ತರ: ಬೆಂದ ಪಿಷ್ಟ ತಣ್ಣಗಾದಾಗ ಮತ್ತೆ ಬಿಗಿದುಕೊಳ್ಳುತ್ತದೆ, ಫ್ರಿಜ್ಜಿನ ತಂಪಿನಲ್ಲಿ ಇನ್ನೂ ಬೇಗ. ಮುಚ್ಚಿದ ಡಬ್ಬಿಯಲ್ಲಿಡಿ, ಮಾರನೆಯ ದಿನ ನೀರು ಚಿಮುಕಿಸಿ 8–10 ನಿಮಿಷ ಹಬೆಯಲ್ಲಿಟ್ಟರೆ ಮೊದಲಿನ ಮೆದು ಬರುತ್ತದೆ. ಇಲ್ಲವೇ ತಣ್ಣಗಿರುವಾಗಲೇ ಹೋಳು ಮಾಡಿ (ಆಗ ಪುಡಿಯಾಗದೆ ಕೊಯ್ಯಲು ಬರುತ್ತದೆ), ಉದ್ದಿನ ಬೇಳೆ, ಒಣಮೆಣಸು, ಕರಿಬೇವಿನ ಒಗ್ಗರಣೆಯಲ್ಲಿ ಅಂಚು ಗರಿಯಾಗುವವರೆಗೆ ಹುರಿಯಿರಿ. ಗಸಿಯನ್ನು ಮಾತ್ರ ಪೂರ್ತಿ ಕಾಯಿಸದೆ, ಬೇಕಾದಷ್ಟನ್ನೇ ಬೇರೆ ಪಾತ್ರೆಗೆ ತೆಗೆದು ಕುದಿ ಬರಿಸಿ.