ಸಂಪಾಜೆ ಘಾಟಿಗೆ ಬ್ರೆಜ್ಜಾನೋ, ನೆಕ್ಸಾನ್ ಡೀಸೆಲ್ಲೋ?

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮ ಕಾಫಿ ತೋಟ. ಅಮ್ಮನ ಚಿಕಿತ್ಸೆಗೆ ತಿಂಗಳಿಗೆ ಎರಡು ಸಲ ಮಂಗಳೂರಿಗೆ ಹೋಗಬೇಕು. ಉಳಿದ ಓಡಾಟವೆಲ್ಲ ತೋಟ, ಪೇಟೆ, ಅಪರೂಪಕ್ಕೆ ಮಡಿಕೇರಿ. ಎಂಜಿನ್ ಶಕ್ತಿ ನೋಡಿದರೆ ಮಾರುತಿ ಬ್ರೆಜ್ಜಾ ಪೆಟ್ರೋಲ್ 103 ಪಿಎಸ್ (ಅಶ್ವಶಕ್ತಿ), ಟಾಟಾ ನೆಕ್ಸಾನ್ ಡೀಸೆಲ್ 115 ಪಿಎಸ್. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಡೀಸೆಲ್‌ಗೆ ಜಾಸ್ತಿ ದುಡ್ಡು ಕೊಡಬೇಕಾ ಸರ್?

ಉತ್ತರ: ಪಿಎಸ್ ಲೆಕ್ಕ ಬಿಡಿ, ಘಾಟಿಗೆ ಬೇಕಾಗಿರುವುದು ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ. ನೆಕ್ಸಾನ್ ಡೀಸೆಲ್‌ಗೆ 260 ಎನ್‌ಎಂ (ಟಾರ್ಕ್ ಅಳತೆ), ಅದೂ ಎಂಜಿನ್ ನಿಮಿಷಕ್ಕೆ 1500 ಸುತ್ತು (ಆರ್‌ಪಿಎಂ) ತಿರುಗುವಾಗಿನಿಂದಲೇ. ಬ್ರೆಜ್ಜಾಗೆ ಸುಮಾರು 137, ಅದು ಪೂರ್ತಿ ಸಿಗುವುದು 4400ಕ್ಕೆ. ಸಂಪಾಜೆ ದಾಟಿ ಮಡಿಕೇರಿ ಕಡೆ ಹತ್ತುವಾಗ ಲಾರಿ ಹಿಂದೆ ಸಿಕ್ಕಿಕೊಳ್ಳುತ್ತೀರಿ ಅಲ್ವಾ, ಆಗ ನೆಕ್ಸಾನ್ ಮೂರನೇ ಗೇರಿನಲ್ಲೇ ಎಳೆದುಕೊಂಡು ಹೋಗುತ್ತದೆ, ಬ್ರೆಜ್ಜಾದಲ್ಲಿ ಎರಡಕ್ಕೆ ಇಳಿಸಿ ಆಕ್ಸಿಲರೇಟರ್ ಒತ್ತಿ ಹಿಡಿಯಬೇಕು. ಜೊತೆಗೆ ಎತ್ತರದ ಸಮಸ್ಯೆ. ಮಡಿಕೇರಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲೆ ಇದೆ, ಅಲ್ಲಿ ಗಾಳಿ ತೆಳು, ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಹತ್ತರಲ್ಲಿ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಬ್ರೆಜ್ಜಾಗೆ ಟರ್ಬೊ ಇಲ್ಲ. ನೆಕ್ಸಾನ್‌ಗೆ ಇದೆ, ಹಾಗಾಗಿ ಅದಕ್ಕೆ ಎತ್ತರ ಅಷ್ಟಾಗಿ ತಟ್ಟುವುದಿಲ್ಲ.

ಆದರೆ ಡೀಸೆಲ್‌ಗೆ ಒಂದು ಕಿರಿಕಿರಿ ಇದೆ. ಬಿಎಸ್6 (ಈಗಿನ ಹೊಗೆ ನಿಯಮ) ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ, ಮಸಿ ಸುಟ್ಟುಹೋಗಬೇಕಾದರೆ ಗಾಡಿ ಬಿಸಿಯಾಗಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಬರೀ ತೋಟದಿಂದ ಪೇಟೆಗೆ ಹೋಗಿ ಬಂದರೆ ಫಿಲ್ಟರ್ ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಉರಿಯುತ್ತದೆ. ನಿಮಗೆ ಮಂಗಳೂರಿಗೆ ಹೋಗುವಾಗ ಸುಳ್ಯ, ಪುತ್ತೂರು ಕಡೆಯ ಉದ್ದ ಓಟ ಇರುವುದರಿಂದ ಚಿಂತೆ ಕಡಿಮೆ. ಹಾಗಾಗಿ ನನ್ನ ಓಟು ನೆಕ್ಸಾನ್‌ಗೆ. ಮಂಗಳೂರಿಗೆ ಹೋಗುವ ಕೆಲಸ ಇನ್ನೇನು ಮುಗಿಯುತ್ತದೆ ಅನ್ನುವಂತಿದ್ದರೆ ಮಾತ್ರ ಸುಮ್ನೆ ಬ್ರೆಜ್ಜಾ ತೆಗೆದುಕೊಳ್ಳಿ.

ಎಸ್‌ಯುವಿ ಅಂತ ಹೆಸರಿದೆ ಎಂದು ಮಳೆಗಾಲದಲ್ಲಿ ತೋಟದೊಳಗಿನ ಏರಿಗೆ ಹಿಂದೆ ಕಾಫಿ ಚೀಲ ಹೇರಿಕೊಂಡು ಹತ್ತಿಸಬೇಡಿ. ಎರಡರಲ್ಲೂ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು ಮಾತ್ರ. ಹಿಂದೆ ಭಾರ ಬಿದ್ದರೆ ಮುಂಭಾಗ ಹಗುರವಾಗಿ ಚಕ್ರ ಕೆಸರಿನಲ್ಲಿ ಸುತ್ತುತ್ತದೆ ಅಷ್ಟೇ. ಆ ಕೆಲಸಕ್ಕೆ ಜೀಪೇ ಸರಿ.

ಟೆಸ್ಟ್ ಡ್ರೈವ್‌ಗೆ ಪೇಟೆಯಲ್ಲಿ ಒಂದು ಸುತ್ತು ಸಾಲದು. ನಾಲ್ಕು ಜನ ಕೂತು, ಎಸಿ ಹಾಕಿ, ಏರಿನಲ್ಲೇ ಓಡಿಸಿ ನೋಡಿ. ಅಮ್ಮನನ್ನೂ ಕರೆದುಕೊಂಡು ಹೋಗಿ, ಹತ್ತಿ ಇಳಿಯಲು ಯಾವುದು ಸಲೀಸು ಅಂತ ಅವರೇ ಹೇಳಲಿ.