ಅಪ್ಪ ನಾಟಕ ಆಡ್ತಿಲ್ಲ

ಓದುಗರ ಪತ್ರ: ಆರು ತಿಂಗಳ ಹಿಂದೆ ಅಪ್ಪನಿಗೆ ಪಾರ್ಶ್ವವಾಯು ಆಯಿತು. ಎಡಗಡೆ ಏನೂ ಕಾಣಿಸುವುದಿಲ್ಲ ಅನ್ನುತ್ತಾರೆ. ಕಣ್ಣು ಚೆನ್ನಾಗಿದೆ, ಪೆಟ್ಟು ಬಿದ್ದಿರುವುದು ಮೆದುಳಿನ ಹಿಂಭಾಗಕ್ಕೆ ಅಂದರು ಡಾಕ್ಟರು. ಆ ಕಡೆ ಲೋಟ ಇಟ್ಟರೆ ಅಪ್ಪನಿಗೆ ಗೊತ್ತೇ ಆಗುವುದಿಲ್ಲ. ಆದರೆ ಅದೇ ಜಾಗದಲ್ಲಿ ಯಾರಾದರೂ ಕೈ ಬೀಸಿದರೆ ಥಟ್ಟನೆ ತಿರುಗುತ್ತಾರೆ. "ಏನು ಕಾಣಿಸ್ತು?" ಅಂದರೆ "ಏನೂ ಇಲ್ಲ" ಅನ್ನುತ್ತಾರೆ. ಅಣ್ಣ ಇದೆಲ್ಲ ನಾಟಕ ಅನ್ನುತ್ತಾನೆ. ನಿಜ ಯಾವುದು?

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ತಂದೆಯವರನ್ನು ನೋಡದೆ ಅವರಿಗೆ ಇಂಥದ್ದೇ ಆಗಿದೆ ಎಂದು ನಾನು ಹೇಳಲಾರೆ. ಆದರೆ ನೀವು ಬರೆದಿರುವಂಥದ್ದು ನೂರು ವರ್ಷಕ್ಕಿಂತ ಹಿಂದೆಯೇ ವೈದ್ಯರ ಕಣ್ಣಿಗೆ ಬಿದ್ದಿದೆ. "ಕಾಣಿಸಲಿಲ್ಲ" ಅನ್ನುವುದೂ ನಿಜ, ತಿರುಗಿದ್ದೂ ನಿಜ ಇರಬಹುದು. ದಯವಿಟ್ಟು ಇದನ್ನು ನಿಮ್ಮ ಅಣ್ಣನಿಗೂ ಓದಿ ಹೇಳಿ.

ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ತಗುಲಿದ ಸೈನಿಕರನ್ನು ಜಾರ್ಜ್ ರಿಡಾಕ್ ಎಂಬ ಬ್ರಿಟಿಷ್ ವೈದ್ಯರು ಪರೀಕ್ಷೆ ಮಾಡುತ್ತಿದ್ದರು. ಕೆಲವರು ಕುರುಡಾದ ಭಾಗದಲ್ಲಿ ವಸ್ತು ಇಟ್ಟರೆ ಇಲ್ಲ ಅನ್ನುತ್ತಿದ್ದರು, ಅಲುಗಾಡಿಸಿದರೆ ಏನೋ ಅಲುಗಾಡಿತು ಅನ್ನುತ್ತಿದ್ದರು. ಆಕಾರ ಗೊತ್ತಿಲ್ಲ, ಬಣ್ಣ ಗೊತ್ತಿಲ್ಲ, ಬರೀ ಚಲನೆ. 1917ರಲ್ಲಿ ರಿಡಾಕ್ ಇದನ್ನು ಬರೆದರು. ಅಂಥ ಗಾಯಾಳುಗಳನ್ನು ತಾವೂ ನೋಡಿದ್ದ ಗಾರ್ಡನ್ ಹೋಮ್ಸ್ ಎಂಬ ಹೆಸರಾಂತ ನರತಜ್ಞರು ಒಪ್ಪಲಿಲ್ಲ. ಮಾತು ಅಲ್ಲಿಗೇ ನಿಂತಿತು, ಸುಮಾರು ಐವತ್ತು ವರ್ಷ.

1974ರಲ್ಲಿ ಲಾರೆನ್ಸ್ ವೈಸ್‌ಕ್ರಾಂಟ್ಜ್, ಎಲಿಜಬೆತ್ ವಾರಿಂಗ್ಟನ್ ಎಂಬ ಮನೋವಿಜ್ಞಾನಿಗಳು ಮತ್ತು ಜೊತೆಗಾರರು ಡಿ.ಬಿ. ಎಂಬ ಗುರುತಿನ ರೋಗಿಯ ಬಗ್ಗೆ ಬರೆದರು. ಮೆದುಳಿನ ಆಪರೇಷನ್ ಆದ ಮೇಲೆ ಅವರಿಗೆ ಎಡಗಡೆ ಕಾಣಿಸುತ್ತಿರಲಿಲ್ಲ. ಆ ಕಡೆ ಒಂದು ಬೆಳಕು ಮಿನುಗಿಸಿ "ಕಾಣದಿದ್ದರೂ ಪರವಾಗಿಲ್ಲ, ಸುಮ್ನೆ ಊಹೆ ಮಾಡಿ ಬೆರಳು ತೋರಿಸಿ" ಎಂದು ಕೇಳಿದರು. ಬೆರಳು ಸರಿಯಾದ ಜಾಗದ ಹತ್ತಿರಕ್ಕೇ ಹೋಗುತ್ತಿತ್ತು. ಫಲಿತಾಂಶ ತೋರಿಸಿದಾಗ ಎಲ್ಲರಿಗಿಂತ ಜಾಸ್ತಿ ಆಶ್ಚರ್ಯಪಟ್ಟವರು ಅವರೇ. ತಾವು ಊಹೆ ಮಾಡಿದ್ದು ಅಂತಲೇ ನಂಬಿದ್ದರು. ಇದಕ್ಕೆ ಬ್ಲೈಂಡ್‌ಸೈಟ್ ಎಂಬ ಹೆಸರು ಬಂತು. ಕುರುಡು ನೋಟ ಅನ್ನಬಹುದು.

ಚಲನೆಯ ವಿಷಯದಲ್ಲಿ ನಮಗೆ ಜಾಸ್ತಿ ಕಲಿಸಿದವರು ಜಿ.ವೈ. ಎಂಬ ಇನ್ನೊಬ್ಬರು. ಎಂಟನೇ ವಯಸ್ಸಿನಲ್ಲಿ ರಸ್ತೆ ಅಪಘಾತದಲ್ಲಿ ಅವರ ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿತ್ತು. ಬಲಗಡೆಯ ನೋಟ ನೋಡಿಕೊಳ್ಳುವುದು ಮೆದುಳಿನ ಎಡಭಾಗ, ಹಾಗಾಗಿ ಬಲಗಡೆ ಕತ್ತಲೆ. ಆ ಕತ್ತಲೆಯಲ್ಲಿ ಚುಕ್ಕೆಯೊಂದು ಎತ್ತ ಹೋಯಿತು ಎಂದು ಕೇಳಿದರೆ ಸರಿಯಾಗಿ ಹೇಳುತ್ತಿದ್ದರು. ಚುಕ್ಕೆ ಜೋರಾಗಿ ಓಡಿದರೆ ಏನೋ ಹಾದುಹೋಯಿತು ಎಂಬ ಅರಿವೂ ಆಗುತ್ತಿತ್ತು. ನಿಧಾನವಾದರೆ ಅರಿವು ಮಾಯ, ಉತ್ತರ ಮಾತ್ರ ಎಷ್ಟೋ ಸಲ ಸರಿ. ನಿಮ್ಮ ತಂದೆಯವರು "ಏನೂ ಇಲ್ಲ" ಅನ್ನುವಾಗ ಅವರ ಒಳಗೆ ಹೀಗೇ ಆಗುತ್ತಿರಬಹುದು, ಅಲ್ವಾ?

ಇದು ಹೇಗೆ ಸಾಧ್ಯ? ಒಂದೊಂದು ಕಣ್ಣಿನಿಂದಲೂ ಸುಮಾರು 10 ಲಕ್ಷ ನರದ ಎಳೆಗಳು ಮೆದುಳಿಗೆ ಹೋಗುತ್ತವೆ. ಅವುಗಳಲ್ಲಿ ಹೆಚ್ಚಿನವುಗಳ ಸುದ್ದಿ ಕೊನೆಗೆ ತಲೆಯ ಹಿಂಭಾಗದ ವಿ1 ಎಂಬ ಜಾಗಕ್ಕೆ ಮುಟ್ಟುತ್ತದೆ. ಅದು ಹೆದ್ದಾರಿ. ಜೊತೆಗೆ ಸಣ್ಣ ಒಳದಾರಿಗಳೂ ಇವೆ. ಅವು ಮೆದುಳಿನ ನಡುಭಾಗದಿಂದ ಹಾದು, ವಿ1 ಅನ್ನು ಮುಟ್ಟದೆಯೇ ವಿ5 ಎಂಬ ಜಾಗ ಸೇರುತ್ತವೆ. ವಿ5ರ ಮುಖ್ಯ ಕೆಲಸವೇ ಚಲನೆಯನ್ನು ಹಿಡಿಯುವುದು. ಹೆದ್ದಾರಿ ಕುಸಿದರೂ ಒಳದಾರಿಯಲ್ಲಿ ಅಷ್ಟಿಷ್ಟು ಸುದ್ದಿ ಬರುತ್ತಿರುತ್ತದೆ. 1993ರಲ್ಲಿ ಜಿ.ವೈ. ಅವರ ಮೆದುಳನ್ನು ಸ್ಕ್ಯಾನ್ ಮಾಡಿದಾಗ, ಕುರುಡು ಭಾಗದಲ್ಲಿ ಚಲನೆ ತೋರಿಸಿದ ಕೂಡಲೇ ವಿ5 ಚುರುಕಾಗಿದ್ದು ಕಂಡಿತು.

ಇದಕ್ಕೆ ತದ್ವಿರುದ್ಧವಾದದ್ದೂ ಉಂಟು. 1983ರಲ್ಲಿ ಜರ್ಮನಿಯ ತಜ್ಞರು ವರದಿ ಮಾಡಿದ ಒಬ್ಬ ಮಹಿಳೆಗೆ ಎಲ್ಲವೂ ಕಾಣುತ್ತಿತ್ತು, ಚಲನೆ ಮಾತ್ರ ಕಾಣುತ್ತಿರಲಿಲ್ಲ. ಕಪ್ಪಿಗೆ ಚಹಾ ಬಗ್ಗಿಸುವಾಗ ಧಾರೆ ಮಂಜುಗಡ್ಡೆಯ ಹಾಗೆ ನಿಂತಂತೆ ಕಾಣುತ್ತಿತ್ತು. ಕಪ್ಪು ತುಂಬುತ್ತಾ ಬಂದದ್ದು ತಿಳಿಯದೆ ಯಾವಾಗ ನಿಲ್ಲಿಸಬೇಕೋ ಗೊತ್ತಾಗುತ್ತಿರಲಿಲ್ಲ. ಅಂದರೆ ನಾವು ನೋಟ ಅನ್ನುವುದು ಒಂದೇ ಕೆಲಸವಲ್ಲ.

ನೀವೇ ಒಂದು ಸಲ ಹೀಗೆ ಮಾಡಿ. ನೇರವಾಗಿ ಎದುರಿನ ಗೋಡೆ ನೋಡುತ್ತಾ ಕೂರಿ. ಕೈಯನ್ನು ಕಿವಿಯ ಪಕ್ಕದಿಂದ ಮೆಲ್ಲಗೆ ಮುಂದೆ ತನ್ನಿ. ಬೆರಳು ಅಲುಗಾಡಿಸಿದರೆ ಬೇಗ ಗೊತ್ತಾಗುತ್ತದೆ, ಸುಮ್ಮನೆ ಹಿಡಿದರೆ ಗೊತ್ತಾಗುವುದು ಕಷ್ಟ, ಎಷ್ಟು ಬೆರಳು ಎಂದು ಎಣಿಸುವುದಂತೂ ಆಗುವುದೇ ಇಲ್ಲ. ಇದು ಬ್ಲೈಂಡ್‌ಸೈಟ್ ಅಲ್ಲ. ಆದರೆ ಆಕಾರ ತಿಳಿಯದೆಯೂ ಚಲನೆ ತಿಳಿಯುತ್ತದೆ ಅನ್ನುವುದನ್ನು ನಿಮ್ಮ ಅಣ್ಣ ತನ್ನ ಕೈಯಲ್ಲೇ ನೋಡಬಹುದು.

ಎಲ್ಲ ರೋಗಿಗಳಲ್ಲೂ ಹೀಗಾಗುವುದಿಲ್ಲ. ಕೆಲವು ಸಲ ಕಾರಣ ಬೇರೆಯೇ ಇರುತ್ತದೆ. ಬಟ್ಟೆಯ ಸದ್ದು ಕೇಳಿರಬಹುದು, ಕಣ್ಣು ಸ್ವಲ್ಪ ಆ ಕಡೆ ಸರಿದಿರಬಹುದು, ಅಥವಾ ಎಡಗಡೆ ಒಂದಿಷ್ಟು ನೋಟ ಉಳಿದಿರಬಹುದು. ಹಾಗಾಗಿ ದೃಷ್ಟಿಯ ಹರವು ಅಳೆಯುವ ಪೆರಿಮೆಟ್ರಿ ಪರೀಕ್ಷೆ ಮಾಡಿಸಿ, ಕೈ ಬೀಸಿದಾಗ ತಿರುಗುವ ಸಂಗತಿಯನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ನಿಂತಲ್ಲೇ ಮಿನುಗುವ ಬೆಳಕು ತೋರಿಸುತ್ತಾರೆ. ಸರಿಯುವ ಬೆಳಕು ತೋರಿಸುವ ವಿಧಾನವೂ ಇದೆ, ಎರಡರ ಫಲಿತಾಂಶ ಬೇರೆಬೇರೆ ಬರಬಹುದು.

ನೋಟ ವಾಪಸ್ ಬರುತ್ತದಾ ಎಂದು ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಚಲಿಸುವ ಚುಕ್ಕೆಗಳನ್ನು ತೋರಿಸಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದಾಗ ಕೆಲವರಲ್ಲಿ ಕುರುಡು ಭಾಗದ ಚಲನೆಯ ಗ್ರಹಿಕೆ ಸುಧಾರಿಸಿದೆ. ಅದು ಮೊದಲಿನ ನೋಟ ಅಲ್ಲ. ಅದನ್ನು ನಂಬಿ ಗಾಡಿ ಓಡಿಸುವುದು, ಒಬ್ಬರೇ ರಸ್ತೆ ದಾಟುವುದು ಬೇಡವೇ ಬೇಡ.

ಇನ್ನೊಂದು ಮಾತು. ಮನೆಯಲ್ಲಿ ಪದೇ ಪದೇ ಕೈ ಬೀಸಿ ಅವರನ್ನು ಪರೀಕ್ಷೆ ಮಾಡಬೇಡಿ. ಮಾತಾಡುವಾಗ ಅವರ ಬಲಗಡೆ ಕೂರಿ. ಎಡಗಡೆಯಿಂದ ಬರುವಾಗ ಮೊದಲು "ಅಪ್ಪಾ" ಅಂತ ಕರೆದು ಆಮೇಲೆ ಹತ್ತಿರ ಹೋಗಿ. ನಿಮ್ಮ ಅಣ್ಣನೂ ಹಾಗೇ ಮಾಡಲಿ.